ಒಬ್ಬನೇ ಸಾಕ್ಷಿ

ಅಂದು ಬೆಳಗ್ಗೆ ಬಂದರು ಊರು ಸಲೋನಿಕಾದ ಮೇಲೆ ಉತ್ತರದ ವಾರ್ದಾರ್ ಗಾಳಿ ಸಿಟ್ಟಿಗೆದ್ದು ಬೀಸುತ್ತಿತ್ತು. ಸಮುದ್ರದ ನೀರು ಕಲ್ಲುಕಟ್ಟೆ ಹತ್ತಿ ಬಂದು ಕೂಲಿಯವರ ಕಾಲು ತೋಯಿಸುತ್ತಿತ್ತು. ಹಿಟ್ಟಿನ ಮೂಟೆ ಹೊತ್ತು ನಿಂತಿದ್ದ ಮೆಂತೆಶ್‌ಗೆ ದೂರದಿಂದಲೇ ರೇನಾ ಕಂಡಳು. ಎಂದಿನಂತೆ ಓರೆಗಣ್ಣಲ್ಲಿ ನಗುತ್ತಾ ಬರುತ್ತಿರಲಿಲ್ಲ. ವಿಷಯ ಅವಳ ಕಿವಿಗೆ ಬಿದ್ದಿದೆ ಎಂದು ಅವನಿಗೆ ಅಷ್ಟರಲ್ಲೇ ತಿಳಿಯಿತು.

"ಮೂಟೆ ಇಳಿಸು," ಅಂದಳು. "ಹೊರೆ ಹೊತ್ತವನನ್ನ ಬೈಯೋದು ನಂಗಾಗಲ್ಲ."

ಇಳಿಸಿದ.

"ಶಿಬಿರದಲ್ಲಿ ನನ್ನ ಗಂಡನ ಎದುರು ಬಾಕ್ಸಿಂಗ್ ಆಡಿದ್ದು ನೀನೇ ಅಂತೆ."

"ಹೌದು."

"ಚಳಿಗಾಲವೆಲ್ಲ ನಮ್ಮನೇಲಿ ಉಂಡೆ. ನನ್ನ ಮುಖ ನೋಡ್ತಾ ನೋಡ್ತಾ ಸೂಪು ತಣ್ಣಗೆ ಮಾಡ್ಕೊಂಡೆ. ಇದೊಂದು ಮಾತಿಗೆ ಬಾಯಿ ಬರಲಿಲ್ವಾ?"

ಯುದ್ಧಕ್ಕೆ ಮುಂಚೆ ಈ ಬಂದರು ಕೇರಿಯ ಹುಡುಗರೆಲ್ಲ ಬಾಕ್ಸರ್ ಮೆಂತೆಶನ ಎಡಗೈ ಏಟಿಗೆ ಮರುಳಾದವರೇ. ಆಮೇಲೆ ಜರ್ಮನರು ಊರಿನ ಯೆಹೂದಿಗಳನ್ನೆಲ್ಲ ರೈಲಿಗೆ ತುಂಬಿ ಪೋಲೆಂಡಿನ ಕೈದಿ ಶಿಬಿರಕ್ಕೆ ಸಾಗಿಸಿದರು. ಅಲ್ಲಿನ ಅಧಿಕಾರಿಗಳಿಗೆ ಭಾನುವಾರದ ಮೋಜು ಬೇಕಿತ್ತು. ಗೆದ್ದ ಕೈದಿಗೆ ರೊಟ್ಟಿ, ಸೋತವನಿಗೆ ಸಾವು. ಒಂದು ಭಾನುವಾರ ಎದುರು ನಿಲ್ಲಿಸಿದ್ದು ರೇನಾಳ ಗಂಡ ದಾರಿಯೋನನ್ನು. ಹಾಸಿಗೆ ಹೊಲಿದು ಬದುಕಿದ್ದ ಆ ಬಡಕಲು ಮನುಷ್ಯ ಗ್ಲೌಸನ್ನು ಮುಟ್ಟಿದ್ದೇ ಅಂದು. ಮೆಂತೆಶ್ ಹುಸಿ ಏಟು ಹಾಕಿ ನೋಡಿದ. ಅಧಿಕಾರಿ ಪಿಸ್ತೂಲು ತೆಗೆದ. ಆಗ ಮೆಂತೆಶ್ ನಿಜವಾಗಿ ಹೊಡೆದ. ಬಿದ್ದವನನ್ನು ಅಲ್ಲೇ ಗುಂಡಿಟ್ಟು ಕೊಂದರು. ಹೆಣ ಹೊತ್ತವನೂ ಮೆಂತೆಶನೇ, ರೊಟ್ಟಿ ತಿಂದವನೂ ಅವನೇ.

ಪ್ರತಿ ಮುಂಜಾನೆ ಅದೇ ಎಡಗೈಗೆ ಪ್ರಾರ್ಥನೆಯ ಚರ್ಮಪಟ್ಟಿ ಸುತ್ತಿಕೊಳ್ಳುತ್ತಾ ದೇವರ ಜೊತೆ ಜಗಳಕ್ಕೆ ನಿಲ್ಲುತ್ತಿದ್ದ. ದೇವರು ಕೇಳಿಸಿಕೊಳ್ಳುತ್ತಿದ್ದ, ಮರುಮಾತಾಡುತ್ತಿರಲಿಲ್ಲ.

ಗಂಡ ಸತ್ತದ್ದನ್ನು ಕಣ್ಣಾರೆ ಕಂಡವರು ಬಂದು ಹೇಳುವವರೆಗೆ ಯೆಹೂದಿಗಳಲ್ಲಿ ಹೆಂಡತಿ ವಿಧವೆಯಾಗುವುದಿಲ್ಲ, ಮರುಮದುವೆಯೂ ಇಲ್ಲ. ಒಬ್ಬ ಹೇಳಿದರೂ ಸಾಕು. ಆದರೆ ಹಾಗೆ ಹೇಳಿದ ಒಬ್ಬಂಟಿ ಸಾಕ್ಷಿ ಅವಳ ಕೈ ಹಿಡಿಯುವಂತಿಲ್ಲ. ಆಸೆಯೇ ಬಾಯಿಗೆ ಬಂದು ಮಾತಾಡೀತೆಂದು ಹಿರಿಯರು ಹಾಕಿದ ಕಟ್ಟು ಅದು. ದಾರಿಯೋನ ಸಾವು ಕಂಡವರಲ್ಲಿ ಬದುಕಿ ಬಂದವನು ಮೆಂತೆಶ್ ಒಬ್ಬನೇ, ರೇನಾ ಕೇಳಿದ್ದು ಬರೀ ಗಾಳಿಸುದ್ದಿ.

"ಹೇಳಿದ್ರೆ ನೀನು ನಂಗೆ ಸಿಗ್ತಿರಲಿಲ್ಲ," ಎಂದ ಮೆಂತೆಶ್.

"ಹೇಳದೆ ಇದ್ರೆ ನಾನು ಸಿಗ್ತಿದ್ನಾ? ನಾನು ಬಾಗಿಲು ನೋಡ್ತಾ ಕೂರೋದು, ನೀನು ನನ್ನ ನೋಡ್ತಾ ಕೂರೋದು. ಹೀಗೇ ಮುದುಕರಾಗೋಣ ಅಂತಿದ್ಯಾ?"

"ನಂಗೆ ಅಷ್ಟೇ ಸಾಕಾಗಿತ್ತು ರೇನಾ."

"ನಂಗೆ ಸಾಕಾಗಿರಲಿಲ್ಲ ಕಣೋ."

ಅವಳ ಮುಷ್ಟಿ ಅವನ ಎದೆಗೆ ಬಿತ್ತು. ಮತ್ತೆ ಬಿತ್ತು. ಏಟು ತಡೆಯುವುದನ್ನೇ ಕಸುಬು ಮಾಡಿಕೊಂಡಿದ್ದವನು ಕೈ ಅಡ್ಡ ತರಲಿಲ್ಲ. ಇಷ್ಟು ದಿನ ಕಣ್ಣಂಚಲ್ಲೇ ಉಳಿದಿದ್ದ ಪ್ರೀತಿಯನ್ನು ಅವಳು ಬಾಯಿಬಿಟ್ಟು ಹೇಳಿದ್ದಳು, ಅದೂ ಸಿಟ್ಟಿನಲ್ಲಿ.

"ಅವನನ್ನ ಯಾಕೆ ಹೊಡೆದೆ ಅಂತ ಕೇಳಲ್ಲ," ಅಂದಳು. "ಅದು ಅವರ ಪಾಪ. ನನ್ನ ಕಟ್ಟಿಹಾಕಿದ್ದು ಮಾತ್ರ ನಿಂದು."

ಸಾಕ್ಷಿ ಹೇಳಲು ಇಬ್ಬರೂ ಧರ್ಮಗುರು ರಬ್ಬಿಯ ಮನೆಗೆ ನಡೆದರು. ಕೇರಿಗೆಲ್ಲ ಗೊತ್ತಿದ್ದ ಇವರ ಪ್ರೀತಿ ಆ ಮುದುಕರಿಗೂ ಗೊತ್ತಿತ್ತು. ಅವರು ಮೆಂತೆಶನತ್ತ ತಿರುಗಿದರು.

"ಯೋಚನೆ ಮಾಡಪ್ಪ. ನೀನು ಹೇಳಿದ ಮೇಲೆ ಈಕೆ ಯಾರನ್ನ ಬೇಕಾದ್ರೂ ಮದುವೆ ಆಗಬಹುದು. ನಿನ್ನನ್ನ ಬಿಟ್ಟು."

ಮೆಂತೆಶ್ ಎಲ್ಲವನ್ನೂ ಹೇಳಿದ. ಪಿಸ್ತೂಲು, ಏಟು, ಗುಂಡು, ರೊಟ್ಟಿ, ಯಾವುದನ್ನೂ ನುಂಗಲಿಲ್ಲ. ರಬ್ಬಿ ಕಣ್ಣೊರೆಸಿಕೊಂಡು, ನೀನು ಇಂದಿನಿಂದ ಬಿಡುಗಡೆಯಾದೆ ತಾಯಿ, ಎಂದರು. ಅವಳಿಗೆ ಸಂತೋಷವಾದಂತೆ ಕಾಣಲಿಲ್ಲ.

ಹೊರಗೆ ಮೆಟ್ಟಿಲ ಮೇಲೆ ಅವನು ಅವಳನ್ನು ತಡೆದ.

"ಆಟಕ್ಕೆ ಮುಂಚೆ ದಾರಿಯೋ ಒಂದು ಮಾತು ಹೇಳಿದ್ದ. ರಬ್ಬಿಗೆ ಬೇಕಾದ್ದಲ್ಲ, ನಿಂಗೆ ಸೇರಬೇಕಾದ್ದು."

ರೇನಾ ಕಾದಳು.

"ರೇನಾಗೆ ಹೇಳು, ಅವಳ ಬದನೆಕಾಯಿ ಕಡುಬಿಗೆ ಯಾವತ್ತೂ ಉಪ್ಪು ಜಾಸ್ತಿ, ನಾನು ಹೆದರಿ ಹೊಗಳ್ತಿದ್ದೆ ಅಂದ. ಆಮೇಲೆ, ಬಾಗಿಲು ಹಾಕ್ಕೊಂಡು ಮಲಗೋಕೆ ಹೇಳು, ನಂಗೋಸ್ಕರ ಕಾಯೋದು ಬೇಡ ಅಂದ."

ಇಷ್ಟನ್ನು ಮೆಲ್ಲಗೆ ಅವಳಿಗೆ ಒಪ್ಪಿಸಿ, ಮೆಂತೆಶ್ ಮೆಟ್ಟಿಲಿಳಿದು ಹೋದ.