ಯಾರ ಹೆಸರಿನ ಗಾಡಿ

ಗಾಡಿ ಮಾರಿದ್ದಕ್ಕಲ್ಲ, ಮಾರಿದ ಗಾಡಿಯ ಕಾಗದ ಮಾಡಿಸಲು ತನ್ನನ್ನೇ ಓಡಾಡಿಸಿದ್ದಕ್ಕೆ ಹಣಮೇಶನಿಗೆ ಸಂಗಣ್ಣ ಸಾವಕಾರನನ್ನು ಮುಗಿಸಬೇಕೆನಿಸಿತು. ಮಾರುವವರು ಮಾರುತ್ತಾರೆ, ಕೊಳ್ಳುವವರು ಕೊಳ್ಳುತ್ತಾರೆ. ಆದರೆ ಹನ್ನೊಂದು ವರ್ಷ ಆ ಬಿಳಿ ಬೊಲೆರೊವನ್ನು ಕಣ್ಣಲ್ಲಿ ಕಣ್ಣಿಟ್ಟು ಸಾಕಿದವನ ಕೈಗೇ ಫೈಲು ಕೊಟ್ಟು, "ಹಣಮ್ಯಾ, ಆ ಫಾರಿನ್ ಮನಿಷ್ಯಾನ್ನ ಯಾದಗಿರಿಗಿ ಕರ್ಕೊಂಡು ಹೋಗಿ ಗಾಡಿ ಅವನ ಹೆಸರಿಗಿ ಹಚ್ಚಿಸ್ಕೊಂಡು ಬಾ. ನಿನಗ ಆಫೀಸಿನ ದಾರಿ ಗೊತ್ತದಲ್ಲ" ಎಂದು ಹಲ್ಲಿಗೆ ಕಡ್ಡಿ ಹಾಕುತ್ತ ಹೇಳುವುದಿದೆಯಲ್ಲ, ಅದನ್ನು ಅವನು ಜನ್ಮದಲ್ಲಿ ಮರೆಯುವಂತಿರಲಿಲ್ಲ.

ಸಂಗಣ್ಣ ನಾರಾಯಣಪುರದಲ್ಲಿ ಕಾಲುವೆ ಕೆಲಸ ಹಿಡಿಯುವ ಗುತ್ತಿಗೆದಾರ. ಹಣಮೇಶ ಅವನ ಡ್ರೈವರ್. ಹಣಮೇಶನ ಮಗಳು ಜ್ಯೋತಿ ಹುಟ್ಟಿದ್ದೇ ಈ ಗಾಡಿಯ ಹಿಂದಿನ ಸೀಟಿನಲ್ಲಿ, ಸುರಪುರದ ಆಸ್ಪತ್ರೆ ಇನ್ನೂ ದೂರವಿರುವಾಗ. ಮರುದಿನ ಸಾವಕಾರ ನಾಲ್ಕು ಜನರಿಗೆ ಸಕ್ಕರೆ ಹಂಚಿ, "ಇನ್ನ ಈ ಗಾಡಿ ಈ ಹುಡುಗೀದೇ ನೋಡ್ರೆಪಾ. ಸ್ವಲ್ಪ ಹಳೀದಾಗಲಿ, ಹಣಮ್ಯಾನ ಹೆಸರಿಗಿ ಮಾಡಿಬಿಡ್ತೀನಿ" ಎಂದಿದ್ದ. ಗಾಡಿ ಹಳೆಯದಾಯಿತು, ಮಾತೂ ಹಳೆಯದಾಯಿತು. ಊರಲ್ಲಿ ಬೊಲೆರೊ ಹಣಮೇಶ ಎಂದು ಕರೆಸಿಕೊಳ್ಳುತ್ತಿದ್ದವನನ್ನು ಈಗ ನೀರಿನ ಟ್ಯಾಂಕರಿಗೆ ಹಾಕಿದ್ದರು. ಜನ ಬೊಲೆರೊವನ್ನು ಬಿಟ್ಟು ಬರೀ ಹಣಮ್ಯಾ ಎನ್ನತೊಡಗಿದ್ದರು. "ಹೋಗ್ಲಿ ಬಿಡ್ರಿ, ಕಬ್ಬಿಣದ ಡಬ್ಬಿ" ಎಂದ ಹೆಂಡತಿ ದೇವಿಕಾಳ ಮೇಲೆ ಅವನು ಊಟದ ತಾಟನ್ನೇ ಎತ್ತಿ ಒಗೆದಿದ್ದ.

ಗಾಡಿ ಕೊಂಡವನು ಸ್ಪೇನ್ ದೇಶದ ಎಂಜಿನಿಯರ್, ರಾಮೋನ್. ಕಾಲುವೆಯ ಗೇಟುಗಳನ್ನು ಕಂಪ್ಯೂಟರಿನಿಂದ ತೆರೆದು ಮುಚ್ಚುವ ಕೆಲಸಕ್ಕೆ ಬಂದು ಡ್ಯಾಮಿನ ಕ್ವಾರ್ಟರ್ಸಿನ ಕೊನೆಯ ಮನೆಯಲ್ಲಿದ್ದ. ಊರು ಅವನಿಗೆ ರಾಮಣ್ಣ ಎಂದು ಹೆಸರಿಟ್ಟು ತನ್ನವನನ್ನಾಗಿ ಮಾಡಿಕೊಂಡಿತ್ತು.

ಒಬ್ಬ ಪರದೇಶದವನ ಹೆಸರಿಗೆ ಹಳೆ ಗಾಡಿ ಹಚ್ಚುವುದೆಂದರೆ ಸುಮ್ಮನೆ ಅಲ್ಲ. ಪಾಸ್‌ಪೋರ್ಟ್ ಬೇಕು, ವೀಸಾ ಬೇಕು, ಅವನು ಇಲ್ಲಿ ಇದ್ದಾನೆಂದು ಪೊಲೀಸ್ ಕಚೇರಿ ಬರೆದುಕೊಟ್ಟ ಕಾಗದ ಬೇಕು, ಮನೆಯ ವಿಳಾಸಕ್ಕೆ ಇನ್ನೊಂದು, ಕಂಪನಿಯಿಂದ ಮತ್ತೊಂದು. ಇನ್ಶೂರೆನ್ಸಿಗೆ ಹೆಸರು ಬದಲಾಗಬೇಕು, ಹೊಗೆಯ ತಪಾಸಣೆ ಆಗಬೇಕು. ಇಷ್ಟಕ್ಕೂ ಹಣಮೇಶನೇ ಓಡಿದ. ಝೆರಾಕ್ಸ್ ಅಂಗಡಿಯ ಅಲ್ಮಾಸ ಅವನ ಮುಖ ನೋಡಿ, "ಕ್ಯಾ ಹಣಮೇಶಭಾಯ್, ಗಾಡಿ ತೊಗೊಂಡ್ರಿ ಏನು?" ಎಂದು ಸಂತೋಷದಿಂದ ಕೇಳಿದಳು. ಅವನು ಪ್ರತಿಗಳನ್ನು ಕಸಿದುಕೊಂಡು ಬಂದ.

ಸಾರಿಗೆ ಕಚೇರಿಯಲ್ಲಿ ಗುಮಾಸ್ತ ರಾಮೋನನ ಉದ್ದನೆಯ ಹೆಸರನ್ನು ಬೆರಳಿಟ್ಟು ಓದಿ, ಇದರಲ್ಲಿ ಅಪ್ಪನ ಹೆಸರು ಯಾವುದು, ಊರಿನ ಹೆಸರು ಯಾವುದು ಎಂದು ತಲೆ ಕೆರೆದುಕೊಂಡ. ಕೊನೆಗೆ ಎಲ್ಲಾ ಸರಿಯಾಗಿ, ಸಹಿ ಬಿದ್ದು, ಫೈಲು ಮುಚ್ಚುವಾಗ ಅವನು ಒಂದು ಮಾತು ಹೇಳಿದ.

"ಹೆಸರು ಜಲ್ದಿ ಬದ್ಲಿ ಮಾಡ್ಸಿದ್ದು ಛಲೋ ಆತು ನೋಡ್ರಿ. ಇಲ್ಲಂದ್ರ ಗಾಡಿ ನಾಳೆ ಯಾರಿಗರೆ ಬಡದ್ರ ಪೊಲೀಸ್ರು ಬರೋದು ಹಳೇ ಮಾಲಕನ ಮನಿಗಿ. ಇನ್ನ ಏನಾದ್ರೂ ಈ ಸಾಹೇಬಂದು."

ಆ ಮಾತು ಹಣಮೇಶನ ಕಿವಿಯಲ್ಲಿ ಕೂತಿತು. ಹೊರಗೆ ಬಂದು ಕಬ್ಬಿನಹಾಲು ಕುಡಿಯುವಾಗಲೂ ಅಲ್ಲೇ ಇತ್ತು.

ತಿರುಗಿ ಬರುವಾಗ ರಾಮೋನ್ ಸ್ಟೀರಿಂಗ್ ಹಿಡಿದ. ತನ್ನ ಉದ್ದ ಕಾಲಿಗಾಗಿ ಸೀಟನ್ನು ಹಿಂದಕ್ಕೆ ಸರಿಸಿದ. ಡ್ಯಾಶ್‌ಬೋರ್ಡಿನ ಮೇಲೆ ವರ್ಷಗಟ್ಟಲೆ ಹತ್ತಿದ್ದ ಭಂಡಾರದ, ಅಂದರೆ ದೇವರ ಅರಿಶಿನದ, ಹಳದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಹಾಕಿ ತನ್ನ ಹುಲ್ಲಿನ ಟೊಪ್ಪಿಗೆ ಇಟ್ಟ. ಶಹಾಪುರ ದಾಟಿತು, ಸುರಪುರ ದಾಟಿತು. ಎಮ್ಮೆ ಅಡ್ಡ ಬಂದರೆ ಎಮ್ಮೆಯ ಹಿಂದೆ, ಟ್ರ್ಯಾಕ್ಟರ್ ಅಡ್ಡ ಬಂದರೆ ಅದರ ಹಿಂದೆ, ಮೂಕನ ಹಾಗೆ ನಡೆಸಿದ. ಒಂದು ಸಲವೂ ಹಾರ್ನ್ ಮುಟ್ಟಲಿಲ್ಲ. ಕ್ವಾರ್ಟರ್ಸಿಗೆ ಸ್ವಲ್ಪ ಮೊದಲು ಕಾಲುವೆ ಏರಿಯ ತಿರುವಿನಲ್ಲಿ ಮಲ್ಲಯ್ಯನ ಗುಡಿ ಬರುತ್ತದೆ. ಸುತ್ತ ಮನೆಗಳಿಲ್ಲ. ಪೂಜೆ ಮಾಡುವ ಮುದುಕಿ ಸೂಗಮ್ಮ ಗುಡಿಯ ಬೆನ್ನಿಗೇ ಒಂದು ಕೋಣೆಯಲ್ಲಿದ್ದಾಳೆ. ಹಣಮೇಶ ಅಲ್ಲಿ ಹಾಯುವಾಗಲೆಲ್ಲ ಎರಡು ಗಿಡ್ಡ, ಒಂದು ಉದ್ದ ಹಾರ್ನ್ ಹೊಡೆದು ದೇವರಿಗೆ ಶರಣು ಅನ್ನುವವನು. ಸೂಗಮ್ಮ ಭಂಡಾರದ ಬಟ್ಟಲು ಹಿಡಿದು ಬರುವಳು. ರಾಮೋನ್ ಅಲ್ಲಿಯೂ ಸುಮ್ಮನೆ ದಾಟಿಸಿದ. ಹಣಮೇಶ ತಡೆಯಲಾರದೆ ಪಕ್ಕದಿಂದಲೇ ಕೈ ಚಾಚಿ ಹಾರ್ನ್ ಒತ್ತಿಬಿಟ್ಟ.

"ಯಾರಿಗೆ?" ರಾಮೋನ್ ಬೆಚ್ಚಿ ಕೇಳಿದ. ರಸ್ತೆ ಖಾಲಿಯಿತ್ತು.

"ದೇವರಿಗಿ."

ರಾಮೋನ್ ನಕ್ಕ. ಒಳ್ಳೆಯ ನಗೆಯೇ, ಕೇಡಿನದಲ್ಲ. ಗಾಡಿ ನಿಲ್ಲಿಸಿ, "ನೀನು ಭಾನುವಾರ ಬಾ ಗೆಳೆಯ. ನೀನು ಓಡಿಸು" ಎಂದ. ಹಣಮೇಶನ ಮೈ ಉರಿದುಹೋಯಿತು. ತನ್ನ ಗಾಡಿಯನ್ನು ತನಗೇ ಭಾನುವಾರದ ಭಿಕ್ಷೆ ಹಾಕುತ್ತಿದ್ದಾನೆ! ಆ ಕ್ಷಣಕ್ಕೇ ಅವನು ನಿರ್ಧಾರ ಮಾಡಿದ. ಒಬ್ಬನಲ್ಲ, ಇಬ್ಬರೂ ಹೋಗಬೇಕು. ಸಂಗಣ್ಣ ಮಣ್ಣಿಗೆ, ರಾಮಣ್ಣ ಜೈಲಿಗೆ. ಗಾಡಿಯೇ ಇಬ್ಬರನ್ನೂ ಮುಗಿಸಬೇಕು.

ಸಿಟ್ಟು ಬಂದವರು ಎಡವುತ್ತಾರೆಂದು ಅವನಿಗೆ ಗೊತ್ತಿತ್ತು. ಹಾಗಾಗಿ ಅವನು ಸಿಟ್ಟನ್ನು ಸಣ್ಣ ಉರಿಯಲ್ಲಿಟ್ಟು ಲೆಕ್ಕ ಹಾಕಿದ. ಗಾಡಿಯ ಎರಡು ಕೀಲಿಗಳನ್ನು ಎಲ್ಲರ ಎದುರು ರಾಮೋನನಿಗೆ ಒಪ್ಪಿಸಿಯಾಗಿತ್ತು. ಮೂರನೆಯದು, ಒಮ್ಮೆ ಕೀಲಿ ಕಳೆದಾಗ ಸಾವಕಾರನ ಬೈಗುಳಕ್ಕೆ ಹೆದರಿ ಸುರಪುರದಲ್ಲಿ ಕದ್ದು ಮಾಡಿಸಿದ್ದು, ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತು. ರಾಮೋನ್ ಮಧ್ಯಾಹ್ನ ಊಟ ಮಾಡಿ ಮಲಗುತ್ತಾನೆ, ಅವನ ದೇಶದಲ್ಲೂ ಹಾಗೇ ಅಂತೆ. ಕಿಟಕಿಯ ಏರ್‌ಕೂಲರ್ ಸದ್ದಿನಲ್ಲಿ ಹೊರಗೆ ಲಾರಿ ಬಂದು ನಿಂತರೂ ಅವನಿಗೆ ಕೇಳದು. ಕ್ವಾರ್ಟರ್ಸಿನ ಹಿಂದಿನ ಗೇಟು ಮುರಿದು ಎಷ್ಟೋ ಕಾಲವಾಗಿತ್ತು. ಸಂಗಣ್ಣ ಹೊಸ ಕಾರಿಗೆ ಧೂಳು ಹತ್ತೀತೆಂದು ಕಾಲುವೆ ಸೈಟಿಗೆ ಸ್ಕೂಟಿಯಲ್ಲೇ ಹೋಗಿ, ಉಣ್ಣುವ ಹೊತ್ತಿಗೆ ಏರಿಯ ದಾರಿಯಲ್ಲಿ ಒಬ್ಬನೇ ಮರಳುತ್ತಾನೆ. ಯುಗಾದಿ ಕಳೆದ ಮೇಲಿನ ಆ ಬಿಸಿಲಿಗೆ ನಾಯಿ ಕೂಡ ದಾರಿಗೆ ಬರುವುದಿಲ್ಲ.

ತಾನು ಎಲ್ಲಿರಬೇಕು? ಟ್ಯಾಂಕರ್ ಹತ್ತಿರ. ಪಂಪಿನಿಂದ ಟ್ಯಾಂಕರ್ ತುಂಬಲು ಹೊತ್ತು ಹಿಡಿಯುತ್ತದೆ. ಪಂಪು ನೋಡುವ ವೆಂಕಪ್ಪ ಬೇವಿನ ನೆರಳಿನಲ್ಲಿ ಗೊರಕೆ ಹೊಡೆಯುತ್ತಿರುತ್ತಾನೆ. ಫೋನನ್ನು ಟ್ಯಾಂಕರಿನಲ್ಲೇ ಬಿಟ್ಟರೆ ಟವರ್ ಕೂಡ ತನ್ನ ಪರವಾಗಿ ಸಾಕ್ಷಿ ಹೇಳುತ್ತದೆ. ಬೆರಳ ಗುರುತಿಗೆ ಟವೆಲ್. ಸೀಟು ಹಿಂದಕ್ಕೇ ಇರಲಿ, ಕಾಲು ಚಾಚಿ ಓಡಿಸಿದರಾಯಿತು. ರಾಮೋನನ ಟೊಪ್ಪಿಗೆ ಗಾಡಿಯಲ್ಲೇ ಇರುತ್ತದೆ, ತಲೆಗೆ ಹಾಕಿ ಗಾಜು ಏರಿಸಿದರೆ ನೋಡಿದವರು ರಾಮಣ್ಣ ಹೋದ ಎನ್ನುತ್ತಾರೆ. ನೋಡುವವರು ಯಾರು? ಸೂಗಮ್ಮ ಒಬ್ಬಳು. ಅವಳ ಎರಡೂ ಕಣ್ಣಿಗೆ ಪೊರೆ ಬಂದಿದೆ. ಎಲ್ಲಕ್ಕಿಂತ ಚೆಂದದ ಮಾತು ಹಾರ್ನಿನದು. ರಾಮಣ್ಣ ಹಾರ್ನ್ ಹೊಡೆಯುವುದಿಲ್ಲ ಎನ್ನುವುದು ಊರಿಗೆಲ್ಲ ತಮಾಷೆಯಾಗಿತ್ತು. ಸಂಗಣ್ಣನ ಬೆನ್ನ ಹಿಂದೆ ಗಾಡಿ ಸದ್ದಿಲ್ಲದೆ ಬಂದರೆ ಅವನು ತಿರುಗಿ ನೋಡುವುದೂ ಇಲ್ಲ, ಊರಿಗೆ ಅನುಮಾನ ಬರುವುದೂ ಇಲ್ಲ. ಇಷ್ಟು ಸಣ್ಣದನ್ನೂ ಬಿಡದೆ ಯೋಚಿಸಿದ್ದಕ್ಕೆ ಹಣಮೇಶ ತನಗೆ ತಾನೇ ಭೇಷ್ ಹೇಳಿಕೊಂಡ.

ಆ ದಿನ ಎಲ್ಲವೂ ಎಣಿಸಿದಂತೆಯೇ ಆಯಿತು. ವೆಂಕಪ್ಪನ ಗೊರಕೆ ಶುರುವಾದದ್ದೇ ಹಣಮೇಶ ಕಾಲುವೆಯ ಒಳ ಅಂಚು ಹಿಡಿದು ನಡೆದ. ಕೂಲರ್ ಗುರುಗುಡುತ್ತಿತ್ತು. ಮೂರನೆಯ ಕೀಲಿ ಬೆಣ್ಣೆಯಲ್ಲಿ ಹೋದಂತೆ ಹೋಯಿತು. ಎಂಜಿನ್ ಎದ್ದಾಗ ಅವನಿಗೆ ಅಳುವೇ ಬಂದಂತಾಯಿತು, ಎಷ್ಟು ದಿನವಾಗಿತ್ತು! ಕೈಕಾಲು ಒಂದನ್ನೂ ಮರೆತಿರಲಿಲ್ಲ. ಗೇರು, ಕ್ಲಚ್ಚು, ತಿರುವು, ತಗ್ಗು ಎಲ್ಲವನ್ನೂ ಅವು ತಮ್ಮಷ್ಟಕ್ಕೆ ತಾವೇ ನೋಡಿಕೊಂಡವು. ಅವನ ತಲೆಯಲ್ಲಿ ಇದ್ದದ್ದು ಸಂಗಣ್ಣನ ಬೆನ್ನು ಮಾತ್ರ. ಗುಡಿಯ ತಿರುವು ದಾಟಿ, ತೂಬಿನ ಸೇತುವೆ ದಾಟಿ, ದೂರದಲ್ಲಿ ಆ ಬಿಳಿ ಅಂಗಿಯ ಅಗಲ ಬೆನ್ನು ಕಂಡಿತು. ಅವನ ಮುಂದೆ ಹನ್ನೊಂದು ವರ್ಷ ಬಾಗಿ ನಿಂತದ್ದು, ಬಾಗಿಲು ತೆಗೆದದ್ದು, ಹಣಮ್ಯಾ ಎನಿಸಿಕೊಂಡದ್ದು ಎಲ್ಲಾ ಒಮ್ಮೆಗೇ ನೆನಪಾಯಿತು. ಹಾರ್ನ್ ಮುಟ್ಟಬಾರದು ಎಂದು ನೆನಪಿಟ್ಟು, ಟವೆಲ್ ಸುತ್ತಿದ ಎರಡೂ ಕೈಯಿಂದ ಸ್ಟೀರಿಂಗಿನ ಅಂಚನ್ನು ಬಿಗಿ ಹಿಡಿದು ಅವನು ಆಕ್ಸಿಲರೇಟರ್ ಒತ್ತಿದ.

ಸ್ಕೂಟಿ ಕಾಲುವೆಗೆ ಹಾರಿತು. ಸಂಗಣ್ಣ ಏರಿಯ ಕಲ್ಲಿನ ಮೇಲೆ ಬಿದ್ದ. ಹಣಮೇಶ ನಿಲ್ಲಲಿಲ್ಲ. ಮುಂದೆ ಹೋಗಿ ಗಾಡಿ ತಿರುಗಿಸಿ ಬಂದ ದಾರಿಯಲ್ಲೇ ಮರಳಿದ. ಬಂಪರಿಗೆ ಹತ್ತಿದ ಸ್ಕೂಟಿಯ ಕೆಂಪು ಬಣ್ಣವನ್ನು ಒರೆಸಲಿಲ್ಲ, ಅದು ಪೊಲೀಸರಿಗೆ ಬೇಕಾಗುತ್ತದೆ. ಗಾಡಿಯನ್ನು ಇದ್ದಲ್ಲೇ ನಿಲ್ಲಿಸಿ, ಟೊಪ್ಪಿಗೆ ಇದ್ದಲ್ಲೇ ಇಟ್ಟು, ಕೀಲಿಯನ್ನು ಕಾಲುವೆಗೆ ಎಸೆದ. ಟ್ಯಾಂಕರ್ ತುಂಬಿ ಚೆಲ್ಲುತ್ತಿತ್ತು. ಅವನು ವೆಂಕಪ್ಪನನ್ನು ಒದ್ದು ಎಬ್ಬಿಸಿ, "ಎಷ್ಟು ಮಲಗ್ತಿಯಲೇ, ನೀರು ಹಾಳಾಗಾಕತ್ತದ" ಎಂದು ಬೈದ.

ಒಂದೇ ಒಂದು ಎಡವಟ್ಟಾಯಿತು, ಸಂಗಣ್ಣ ಸಾಯಲಿಲ್ಲ. ಆದರೆ ಅದೂ ಹಣಮೇಶನ ಪಾಲಿಗೆ ಒಳ್ಳೆಯದೇ ಆಯಿತು. ಸೊಂಟ ಮುರಿದು ಶಹಾಪುರದ ಆಸ್ಪತ್ರೆಯಲ್ಲಿ ಮಲಗಿದ್ದ ಸಾವಕಾರ ತನ್ನ ಬಾಯಿಂದಲೇ ಹೇಳಿಕೆ ಕೊಟ್ಟ. "ಬಿಳೀ ಬೊಲೆರೊರಿ. ಬೀಳೂಮುಂದ ಟೊಪ್ಪಿಗಿ ಕಂಡೀನಿ. ಒಂದು ಹಾರ್ನರೆ ಹೊಡೀಬಾರ್ದಾ? ಆ ರಾಮಣ್ಣ ಎಂದೂ ಹೊಡಿಯಂಗಿಲ್ರಿ, ಊರಿಗೆಲ್ಲ ಗೊತ್ತದ." ರಾಮೋನನ ಪಾಸ್‌ಪೋರ್ಟ್ ಠಾಣೆಗೆ ಹೋಯಿತು. "ನಾನು ನಿದ್ದೆ. ನಾನು ಹೋಗಲಿಲ್ಲ" ಎಂದು ಅವನು ತನ್ನ ಹರಕು ಕನ್ನಡದಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ನಿದ್ದೆಗೆ ಸಾಕ್ಷಿ ಎಲ್ಲಿಂದ ತರುವುದು?

ಹಣಮೇಶ ಎಳನೀರು ಹಿಡಿದು ಆಸ್ಪತ್ರೆಗೆ ಹೋದ. ಸಂಗಣ್ಣ ಅವನ ಕೈ ಹಿಡಿದು ಕಣ್ಣೀರು ಹಾಕಿದ.

"ಗಾಡಿ ನಿನಗ ಕೊಟ್ಟಿದ್ರ ಹಿಂಗ ಆಗ್ತಿದ್ದಿಲ್ಲ ನೋಡೋ ಹಣಮೇಶ."

"ಇರ್ಲಿ ಬಿಡ್ರಿ ಸಾವ್ಕಾರ್ರ" ಎಂದ ಹಣಮೇಶ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕ.

ಗಾಡಿಯನ್ನು ತಪಾಸಣೆಗೆಂದು ಯಾದಗಿರಿಗೆ ಒಯ್ಯಬೇಕಿತ್ತು. ಎಸ್‌ಐ ಪಂಚಶೀಲಾ ಕ್ವಾರ್ಟರ್ಸಿಗೆ ಬಂದಾಗ ಅವಳ ಡ್ರೈವರ್‌ಗೆ ಅದರ ಗೇರೇ ಬೀಳಲಿಲ್ಲ. "ಇದರ ಹಟ ಬಲ್ಲವ್ರು ಯಾರಿದ್ದೀರಿ?" ಎಂದು ಅವಳು ಕೇಳಿದ್ದಕ್ಕೆ ನಿಂತವರೆಲ್ಲ ಬೊಲೆರೊ ಹಣಮೇಶ ಎಂದರು. ಬರೀ ಹಣಮ್ಯಾ ಅಲ್ಲ, ಬೊಲೆರೊ ಹಣಮೇಶ! ಅವನು ಎಲ್ಲರ ಎದುರು ಸೀಟನ್ನು ಮುಂದಕ್ಕೆ ಎಳೆದುಕೊಂಡ, ಕನ್ನಡಿ ಸರಿ ಮಾಡಿದ, ಪಕ್ಕದಲ್ಲಿ ಪಂಚಶೀಲಾಳನ್ನು ಕೂರಿಸಿಕೊಂಡು ಹೊರಟ. "ಸೆಕೆಂಡ್ ಗೇರ್ ಹಾಕೂಮುಂದ ಸ್ವಲ್ಪ ರಮಿಸ್ಬೇಕ್ರಿ ಮೇಡಂ. ನನ್ನ ಮಗಳು ಹುಟ್ಟಿದ್ದು ಈ ಗಾಡ್ಯಾಗೇ" ಎಂದು ಕೇಳದಿದ್ದರೂ ಹೇಳಿದ. ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಇಷ್ಟು ಹಗುರಾಗಿ ಅವನು ಎಷ್ಟೋ ತಿಂಗಳಿಂದ ಇರಲಿಲ್ಲ.

ಮಲ್ಲಯ್ಯನ ತಿರುವಿನಲ್ಲಿ ಸೂಗಮ್ಮ ಬಟ್ಟಲು ಹಿಡಿದು ಎದುರಿಗೇ ಓಡಿ ಬಂದಳು. ಹಣಮೇಶ ಬ್ರೇಕ್ ಹಾಕಿದ. ಅವಳು ಕಿಟಕಿಯೊಳಗೆ ಕೈ ತೂರಿ ಅವನ ಹಣೆ ತಡಕಿ ಭಂಡಾರ ಬಳಿದಳು.

"ಇವತ್ತರೆ ನಿಂತ್ಯಲ್ಲೋ ಯಪ್ಪಾ. ಆವತ್ತು ಅಂಥಾ ಬಿಸಲಾಗ ಹೋಗೂಮುಂದ ಒಮ್ಮಿ ಹಾರ್ನ ಹೊಡದಿ, ಬರೂಮುಂದ ಒಮ್ಮಿ ಹೊಡದಿ. ನಾ ಬಾಗಲಿಗಿ ಬರೂದ್ರಾಗ ಎರಡೂ ಸಲ ದಾಟಿ ಹೋಗಿದ್ದಿ."

"ಯಾವತ್ತು, ಅಜ್ಜಿ?" ಪಂಚಶೀಲಾ ಕೇಳಿದಳು.

"ಅದೇರಿ, ಸಂಗಣ್ಣ ಸಾವ್ಕಾರ್ರು ಬಿದ್ದ ದಿನ. ಗಾಡಿ ತಿರಗಿ ನಮ್ಮ ಹಣಮೇಶನ ಕೈಯಾಗ ಬಂತಂತ ಮಲ್ಲಯ್ಯಗ ಊದಿನಕಡ್ಡಿ ಹಚ್ಚೀನ್ರಿ ಆವತ್ತು."

"ಸುಳ್ರಿ ಮೇಡಂ! ಈಕಿಗಿ ಕಣ್ಣೇ ಕಾಣಂಗಿಲ್ಲ. ಯಾರರೆ ಹೋಗಿದ್ದು ನೋಡಿ..."

"ಆಕಿ ನೋಡೀನಿ ಅಂದೇ ಇಲ್ಲ" ಎಂದಳು ಪಂಚಶೀಲಾ. ಅವಳು ಹಣಮೇಶನ ಮುಖ ನೋಡುತ್ತಿರಲಿಲ್ಲ, ಅವನ ಬಲಗೈಯನ್ನು ನೋಡುತ್ತಿದ್ದಳು. "ಎರಡು ಗಿಡ್ಡ, ಒಂದು ಉದ್ದ. ಈಗ ಇಂವ ಹೊಡದನಲ್ಲ, ಹಂಗೇ ಏನಜ್ಜಿ?" ಸೂಗಮ್ಮ "ಮತ್ಯಾರದಿರ್ತದ್ರಿ" ಎಂದು ಬೊಚ್ಚು ಬಾಯಿ ಬಿಟ್ಟು ನಕ್ಕಳು. ಹಣಮೇಶ ನೆನಪು ಮಾಡಿಕೊಳ್ಳಲು ನೋಡಿದ. ಆ ಮಧ್ಯಾಹ್ನ ಇಲ್ಲಿ ಹಾರ್ನ್ ಹೊಡೆದದ್ದು ಅವನಿಗೆ ನೆನಪಿರಲಿಲ್ಲ. ಆದರೆ ಈಗಷ್ಟೇ ಹೊಡೆದದ್ದೂ ನೆನಪಿರಲಿಲ್ಲ. ಬಗ್ಗಿ ನೋಡಿದರೆ ಅಂಗೈ ಇನ್ನೂ ಸ್ಟೀರಿಂಗಿನ ನಡುವೆಯೇ ಇತ್ತು.