ಉಸಿರು ಕೇಳಿಸುವ ಕಾರ್ಟ್ರಿಜ್

ರೆಕಾರ್ಡ್ ಪ್ಲೇಯರಿನ ಮುಳ್ಳನ್ನು ಹಿಡಿದಿಡುವ ಕಾರ್ಟ್ರಿಜ್ ಕೆಟ್ಟಿತ್ತು. ಸವಣೂರಿನ ರಿಪೇರಿ ಅಂಗಡಿಯ ಹುಲಗೇಶ ಕೇಳಿದ: "ಜಾಸ್ತಿ ಏನ್ ಕೇಳ್ತೀರಿ ಸರ್, ಹಾಡೋ, ವಾದ್ಯಾನೋ?"

"ದಾಸರ ಪದ."

"ಹಂಗಾರ ಇದನ್ನ ಒಯ್ರಿ. ಹಾಡೋರ ಉಸಿರೂ ಕೇಳ್ತೈತಿ."

ಮನೆಯಲ್ಲಿ ನಾನೊಬ್ಬನೇ. ಮಧ್ಯಾಹ್ನ ಅದನ್ನು ಕೂಡಿಸಿ, ಹೋದ ವರ್ಷ ತೀರಿಕೊಂಡ ಅಕ್ಕ ಪದ್ಮಜಾಳ ಮೆಚ್ಚಿನ ರೆಕಾರ್ಡ್ ಹಾಕಿದೆ. ಅವಳು ಪ್ಲೇಯರಿನ ಪಕ್ಕ ಕುಳಿತು ಗಾಯಕಿಯ ಹಿಂದೆಯೇ ಹಾಡಿ ಕಲಿತದ್ದು ಅದನ್ನೇ. ಪ್ರತಿ ಸಾಲಿಗೂ ಮೊದಲು ಗಾಯಕಿ ಉಸಿರೆಳೆದುಕೊಳ್ಳುವುದು ನಿಜಕ್ಕೂ ಕೇಳಿಸಿತು. ಅದರ ಬೆನ್ನಿಗೇ, ಅಕ್ಕ ಕೂರುತ್ತಿದ್ದ ಜಾಗದಿಂದ, ಇನ್ನೊಂದು ಉಸಿರು.

ಹಾಡಿನ ನಡುವೆಯೇ ಮುಳ್ಳನ್ನೆತ್ತಿದೆ. ಹಾಡು ನಿಂತಿತು. ಪಕ್ಕದಲ್ಲಿ ಯಾರೋ ಮುಂದಿನ ಸಾಲಿಗೆ ಉಸಿರೆಳೆದುಕೊಂಡರು.

ಇವತ್ತಿಗೆ ಒಂಬತ್ತು ದಿನ. ಮುಳ್ಳನ್ನು ನಾನು ಮತ್ತೆ ಇಳಿಸಿಲ್ಲ. ಆ ಉಸಿರು ಹೊರಬಿಟ್ಟ ಸದ್ದೂ ಇನ್ನೂ ಕೇಳಿಸಿಲ್ಲ.