ಸುರಂಗದ ಬಾಯಿ ನೋಡುವ ಸೀಳು

ಗಣಿಯ ಐದನೇ ಮಟ್ಟದ ಸುರಂಗದ ನೆತ್ತಿಯಿಂದ ಬಂಡೆ ಕಳಚಿ ಬಿದ್ದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಯಾರಿಗೂ ಒಂದು ಗೀರೂ ಆಗಲಿಲ್ಲ. ಆದರೂ ಮಾರನೆಯ ಬೆಳಿಗ್ಗೆ ನಮ್ಮ ದೀಪದ ಕೋಣೆಗೆ ಬಂದ ಡಮಾಸೊನ ಮುಖದಲ್ಲಿ ಕಳೆಯೇ ಇರಲಿಲ್ಲ.

“ಫೆಲಿಸಕ್ಕ, ಶನಿವಾರ ನೆತ್ತಿಗೆ ಬೋಲ್ಟ್ ಸರಿಯಾಗಿ ಹೊಡೆದಿಲ್ಲ ಅಂತ ನನ್ನ ಪರವಾನಗಿ ಕಿತ್ಕೊಳ್ತಾರಂತೆ. ಮಧ್ಯಾಹ್ನ ಇಂಜಿನಿಯರ್ ತೀರ್ಮಾನ ಹೇಳ್ತಾರೆ.”

“ಹೊಡೆದಿದ್ದು ನೀನೇನಾ?”

“ಕೆಲಸದ ಪುಸ್ತಕದಲ್ಲಿ ನನ್ನ ಹೆಸರೇ ಇದೆ.”

“ನಾನು ಕೇಳಿದ್ದು ಅದಲ್ಲ.”

ಬೆಂಗೆಟ್ ಬೆಟ್ಟದ ಈ ಗಣಿಯಲ್ಲಿ ಯಾರು ಯಾರ ಮೇಲೆ ಗೂಬೆ ಕೂರಿಸಿದರೂ ಜನ ಮೊದಲು ಬರುವುದು ಕೆಲಸಗಾರರ ತಲೆದೀಪ ಕಾಯುವ ಫೆಲಿಸಕ್ಕನ ಬಳಿಗೆ. ಅವಳ ಸಹಾಯಕಿಯಾದ ನನಗೆ ಅದರಿಂದ ಬಂದ ಲಾಭ ಎಂದರೆ ಎಲ್ಲರಿಗೂ ಕಾಫಿ ಕಾಯಿಸುವ ಕೆಲಸ.

ಅಷ್ಟರಲ್ಲಿ ಮೇಸ್ತ್ರಿ ಕಿರಿನೊ ಬಂದ. ಡಮಾಸೊನ ಹೆಂಡತಿಯ ಅಣ್ಣ ಅವನು. ಎಡಗೈ ಚಾಚಿ ಮೇಲಿನ ಕೊಕ್ಕೆಯಿಂದ ತನ್ನ ದೀಪ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೊರಟುಹೋದ.

“ಶನಿವಾರ ಯಾರ ದೀಪದ ಬ್ಯಾಟರಿ ಖರ್ಚೇ ಆಗದೆ ವಾಪಸ್ ಬಂತು?” ಅಕ್ಕ ನನ್ನನ್ನು ಮೆಲ್ಲಗೆ ಕೇಳಿದಳು.

“ಡಮಾಸೊಂದು. ಚಾರ್ಜಿಗೆ ಹಾಕೋದೇ ಬೇಕಿರಲಿಲ್ಲ.”

ನಾವಿಬ್ಬರೂ ಕೆಳಗಿಳಿದೆವು. ಈ ಬೋಲ್ಟ್ ಎಂದರೆ ಉದ್ದಕ್ಕೂ ಸೀಳಿರುವ ಉಕ್ಕಿನ ಕೊಳವೆ. ತನಗಿಂತ ಕಿರಿದಾದ ತೂತಿಗೆ ಹೊಡೆದು ಏರಿಸಿದರೆ ಸೀಳು ಕಿರಿದಾಗುತ್ತದೆ, ಕೊಳವೆ ಬಂಡೆಯನ್ನು ಒಳಗಿನಿಂದ ಒತ್ತಿ ಹಿಡಿಯುತ್ತದೆ. ಬಂಡೆಯ ಜೊತೆ ಬಿದ್ದಿದ್ದ ಮೂರರಲ್ಲೂ ಸೀಳು ಅಗಲವಾಗಿಯೇ ಇತ್ತು, ಮೈಮೇಲೆ ತರಚಿದ ಗುರುತಿಲ್ಲ.

“ಮೇಲೆ ನೋಡು” ಎಂದಳು ಅಕ್ಕ. ಹಳೆಯ ಸಾಲುಗಳಲ್ಲಿ ಪ್ರತಿ ಬೋಲ್ಟಿನ ಸೀಳೂ ಸುರಂಗದ ಬಾಯಿಯತ್ತ ತಿರುಗಿತ್ತು. ಕುಸಿದ ಸಾಲಿನಲ್ಲಿ ಉಳಿದಿದ್ದ ಎರಡರಲ್ಲಿ ಒಂದು ಎಡಗೋಡೆ ನೋಡುತ್ತಿತ್ತು, ಇನ್ನೊಂದು ಒಳಗಿನ ಕತ್ತಲನ್ನು. ನನಗೆ ಕತ್ತು ನೋವು ಬಿಟ್ಟರೆ ಬೇರೇನೂ ಹೊಳೆಯಲಿಲ್ಲ.

ಮಧ್ಯಾಹ್ನ ಅಕ್ಕ ಎಲ್ಲರನ್ನೂ ದೀಪದ ಕೋಣೆಗೇ ಕರೆಸಿದಳು: ಇಂಜಿನಿಯರ್, ಡಮಾಸೊ, ಕಿರಿನೊ, ಮತ್ತೆ ಡಮಾಸೊನ ಜೊತೆಗಾರ ಅಲಿಪಿಯೊ.

“ಸಾರ್, ಮೂರು ಬೋಲ್ಟೂ ಬಂಡೆ ಹಿಡಿದೇ ಇಲ್ಲ. ತೂತು ದೊಡ್ಡದಾಗಿತ್ತು. ಕೊರೆದವರು ಯಂತ್ರದ ತುದಿಗೆ ದಪ್ಪನೆಯ ಬಿಟ್ ಹಾಕಿದ್ದಾರೆ. ಯಂತ್ರ ಹಿಡಿಯೋಕೆ ಬರೋದು ಈ ಮೂವರಿಗೇ. ಡಮಾಸೊ ಅಲ್ಲ. ಗುಡ್ಡದೊಳಗಿರೋ ತೀರಿಹೋದ ಹಿರಿಯರಿಗೆ ಹೊರದಾರಿ ಕಾಣಲಿ ಅಂತ ಸೀಳನ್ನ ಸುರಂಗದ ಬಾಯಿ ಕಡೆ ತಿರುಗಿಸೋದು ಅವನಿಗೆ ಅವನಪ್ಪ ಕಲಿಸಿದ್ದು. ಆ ಸಾಲಲ್ಲಿ ಅದಿಲ್ಲ. ಮೇಲಾಗಿ ಶನಿವಾರ ಅವನೂರಲ್ಲಿ ಸಾವಾಗಿತ್ತು. ಅಂಥ ದಿನ ಆ ಊರವರು ಮಣ್ಣಿಗೂ ಕಲ್ಲಿಗೂ ಕೈ ಹಾಕಲ್ಲ. ಅವನ ದೀಪ ಚಾರ್ಜ್ ತುಂಬಿದ ಹಾಗೇ ಬಂದಿದೆ.”

“ಹಾಗಾದ್ರೆ ಅಲಿಪಿಯೊ?”

“ಸೀಳು ತಿರುಗಿಸದೆ ಹೊಡೆದಾಗೆಲ್ಲ ಡಮಾಸೊನಿಂದ ಬೈಸ್ಕೊಂಡೇ ಕೆಲಸ ಕಲಿತವನು ಅವನು. ತೋಳಲ್ಲಿ ಎತ್ತಿನ ಬಲ ಇದೆ, ಬೋಲ್ಟ್ ಸಲೀಸಾಗಿ ಏರೋ ದೊಡ್ಡ ತೂತು ಅವನಿಗ್ಯಾಕೆ? ಅದು ಬೇಕಾಗಿದ್ದು ಬಲಭುಜ ಮೇಲೆ ಏಳದವನಿಗೆ. ಬಲಗೈಯವನಾದ ಕಿರಿನೊ ಇವತ್ತು ದೀಪ ತೆಗೆದಿದ್ದು ಎಡಗೈಯಲ್ಲಿ.”

ಕಿರಿನೊ ತನ್ನ ದೀಪವನ್ನು ಬೆಂಚಿನ ಮೇಲಿಟ್ಟ. “ಸಾವಿನ ದಿನ, ನೀನು ಹೊರಗೇ ಕೂತಿರು, ನಿನ್ನ ಸಾಲು ನಾನು ಹೊಡೀತೀನಿ ಅಂತ ಇವನಿಗೆ ಅಂದೆ. ಭುಜ ಏಳಲಿಲ್ಲ. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಹೆದರಿದೆ.”

“ನೀನ್ಯಾಕೆ ಬಾಯಿ ಬಿಡಲಿಲ್ಲ?” ಇಂಜಿನಿಯರ್ ಡಮಾಸೊನನ್ನು ಕೇಳಿದರು.

“ನನಗೋಸ್ಕರ ಹೆಗಲು ಕೊಟ್ಟವರು, ಸಾರ್. ಹೇಗೆ ಹಿಡಿದುಕೊಡ್ಲಿ?”

ಇಂಜಿನಿಯರ್ ಕಾಫಿ ಕುಡಿದು ಮುಗಿಸಿ ತೀರ್ಮಾನ ಹೇಳಿದರು. ಡಮಾಸೊನ ಪರವಾನಗಿ ಉಳಿಯಿತು. ಕಿರಿನೊನ ಮೇಸ್ತ್ರಿಗಿರಿ ಹೋಯಿತು, ಕೆಲಸ ಹೋಗಲಿಲ್ಲ; ಭುಜ ವಾಸಿಯಾಗುವವರೆಗೆ ಯಂತ್ರ ಮುಟ್ಟುವಂತಿಲ್ಲ. ನಾನು ಇನ್ನೊಂದು ಪಾತ್ರೆ ಕಾಫಿ ಗೊಣಗದೆ ಕಾಯಿಸಿದೆ.

ಮರುದಿನ ಕಾಫಿ ಕೆಳಗೆ ಒಯ್ದಾಗ ಡಮಾಸೊ ಕುಸಿದ ಸಾಲನ್ನು ಹೊಸದಾಗಿ ಹೊಡೆಯುತ್ತಿದ್ದ. ಕಿರಿನೊ ಕೆಳಗೆ ನಿಂತು ಎಡಗೈಯಿಂದ ಒಂದೊಂದೇ ಬೋಲ್ಟ್ ಎತ್ತಿ ಕೊಡುತ್ತಿದ್ದ.

“ಭಾವ, ಸೀಳು ಈ ಕಡೆಗೆ” ಎಂದ ಡಮಾಸೊ. ಕಿರಿನೊ ಬೋಲ್ಟಿನ ಸೀಳನ್ನು ಸುರಂಗದ ಬಾಯಿಯತ್ತ ತಿರುಗಿಸಿ ಕೊಟ್ಟ.